ಒಂದು ಮನೆಗೆ ಹನ್ನೆರಡು ಕಂತು, ಒಂದು ಲೋಕಕ್ಕೆ ಹನ್ನೊಂದು

ಜಪಾನಿನ ಅನಿಮೆ, ಅಂದರೆ ಅಲ್ಲಿನ ಅನಿಮೇಷನ್ ಚಿತ್ರಮಾಲಿಕೆ, ಮೊದಲಿನಿಂದಲೂ ಮಂಗಾ ಎಂಬ ಚಿತ್ರಕಥೆಯನ್ನು ನೆಚ್ಚಿಕೊಂಡು ಬೆಳೆದಿದೆ. 1963ರ ಜನವರಿ 1ರಂದು ಪ್ರಸಾರ ಆರಂಭಿಸಿದ ‘ತೆತ್ಸುವಾನ್ ಆತೊಮು’ ಕೂಡ ಒಸಾಮು ತೆಜುಕ ಅವರ ಮಂಗಾದಿಂದಲೇ ಹುಟ್ಟಿದ್ದು. ವರ್ಷವನ್ನು ನಾಲ್ಕಾಗಿ ಭಾಗಿಸಿ, ಮೂರು ತಿಂಗಳ ಅವಧಿಯೊಂದನ್ನು ‘ಕೂರು’ ಎಂದು ಕರೆದು, ಅದರೊಳಗೆ ಸುಮಾರು ಹನ್ನೆರಡು ಕಂತುಗಳನ್ನು ಹಿಡಿಸುವ ಪದ್ಧತಿ ಈಗ ಅಲ್ಲಿ ಸಾಮಾನ್ಯವಾಗಿದ್ದು, ಉದ್ದನೆಯ ಕಥೆಯೊಂದು ಉಳಿಯುವುದೂ ಅಳಿಯುವುದೂ ಎಷ್ಟೋ ಸಲ ಈ ಅಳತೆಯ ಕೈಯಲ್ಲೇ ಇರುತ್ತದೆ. ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಇದಕ್ಕೆ ಅತ್ಯಂತ ನೋವಿನ ನಿದರ್ಶನ.

ಕಾಯು ಶಿರಾಯಿ ಬರೆದು ಪೊಸುಕ ದೆಮಿಜು ಚಿತ್ರಿಸಿದ ಈ ಮಂಗಾ 2016ರಿಂದ 2020ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ 181 ಅಧ್ಯಾಯಗಳಾಗಿ ಹರಿದುಬಂತು. ಗ್ರೇಸ್ ಫೀಲ್ಡ್ ಎಂಬ ಅನಾಥಾಲಯದ ಮಕ್ಕಳು, ತಾವು ‘ಓನಿ’ಗಳೆಂಬ ರಾಕ್ಷಸರ ಊಟಕ್ಕಾಗಿ ಸಾಕಲ್ಪಟ್ಟವರೆಂದು ಅರಿತು ತಪ್ಪಿಸಿಕೊಳ್ಳುವುದು ಇದರ ಮೊದಲ ಭಾಗ. ಮಾಮೊರು ಕಾಂಬೆ ನಿರ್ದೇಶನದಲ್ಲಿ ಕ್ಲೋವರ್‌ವರ್ಕ್ಸ್ ಸ್ಟುಡಿಯೊ 2019ರಲ್ಲಿ ಮೊದಲ 37 ಅಧ್ಯಾಯಗಳಿಗೆ ಪೂರ್ತಿ 12 ಕಂತುಗಳನ್ನು ಕೊಟ್ಟಿತು. ಮಂಗಾದ ಪಾತ್ರಗಳು ಮನಸ್ಸಿನೊಳಗೆ ಆಡಿಕೊಳ್ಳುವ ಮಾತುಗಳನ್ನು ಬಹುಮಟ್ಟಿಗೆ ಕೈಬಿಟ್ಟು, ಮರದ ಹಲಗೆಯ ಓಣಿ, ಅರೆತೆರೆದ ಬಾಗಿಲು, ಮಕ್ಕಳನ್ನು ಸಾಕುತ್ತ ಅವರ ‘ಅಮ್ಮ’ನೆನಿಸಿಕೊಂಡ ಇಸಬೆಲ್ಲಾಳ ನಗುಮುಖ ಇವುಗಳಲ್ಲೇ ಭಯವನ್ನು ತುಂಬಿದ್ದು ಕಾಂಬೆಯವರ ಸಾಧನೆ. ದತ್ತು ಹೋಗುತ್ತಿದ್ದಾಳೆಂದು ಎಲ್ಲರೂ ನಂಬಿದ್ದ ಪುಟ್ಟ ಕಾನಿ ಮರೆತುಹೋದ ಬಟ್ಟೆಯ ಮೊಲವನ್ನು ಕೊಡಲು ಅನಾಥಾಲಯದ ಹಿರಿಯ ಮಕ್ಕಳಾದ ಎಮ್ಮಾ ಮತ್ತು ನಾರ್ಮನ್ ಗೇಟಿನವರೆಗೆ ಓಡಿಹೋಗಿ, ಲಾರಿಯೊಳಗೆ ಎದೆಗೆ ಹೂ ಚುಚ್ಚಿದ ಅವಳ ಶವವನ್ನು ಕಾಣುವ ಮೊದಲ ಕಂತಿನ ದೃಶ್ಯ, ಇಡೀ ಕಥೆ ಇಟ್ಟುಕೊಂಡಿದ್ದ ದೊಡ್ಡ ಭರವಸೆಯಾಗಿತ್ತು.

ಆ ಭರವಸೆ ಅನಿಮೆಯ ಎರಡನೆಯ ಭಾಗದಲ್ಲಿ ಕೈಕೊಟ್ಟಿತು. ಕೊರೊನಾ ಕಾರಣದಿಂದ ಮುಂದೂಡಲ್ಪಟ್ಟು 2021ರ ಜನವರಿಯಲ್ಲಿ ಬಂದ ಈ ಭಾಗದ ಮುಂದೆ 144 ಅಧ್ಯಾಯಗಳಿದ್ದವು. ಸಿಕ್ಕಿದ್ದು 11 ಕಂತು. ರಾಕ್ಷಸ ಸಿರಿವಂತರು ಮನುಷ್ಯರನ್ನು ಬೇಟೆಯಾಡುವ ಗೋಲ್ಡಿ ಪಾಂಡ್ ಪ್ರಕರಣವನ್ನು ಇಡಿಯಾಗಿ ಕೈಬಿಡಲಾಯಿತು. ಸಂಗಡಿಗರನ್ನು ಕಳೆದುಕೊಂಡು ನೆಲಮಾಳಿಗೆಯಲ್ಲಿ ಒಂಟಿಯಾಗಿ ಬದುಕಿದ್ದ ಯೂಗೊ, ಮಕ್ಕಳಿಗೆ ಮೊದಲು ಹಗೆಯಾಗಿ ಆಮೇಲೆ ಆಸರೆಯಾದ ಆ ಮನುಷ್ಯ, ಕಥೆಯಿಂದಲೇ ಮಾಯವಾದ. ಅಧ್ಯಾಯಗಳನ್ನು ಕಡಿಮೆ ಮಾಡುವುದು ಈ ಕಸುಬಿನಲ್ಲಿ ತಪ್ಪೇನಲ್ಲ. ಆದರೆ ಯೂಗೊ ಇಲ್ಲದೆ, ಪ್ರೀತಿಸಿದ ದೊಡ್ಡವಳೊಬ್ಬಳಿಂದಲೇ ವಂಚನೆಗೊಳಗಾಗಿದ್ದ ಮಕ್ಕಳು ಮತ್ತೊಬ್ಬ ದೊಡ್ಡವನನ್ನು ನಂಬಲು ಕಲಿಯುವ ನಿಧಾನವಾದ ಹಾದಿಯೇ ಮುಚ್ಚಿಹೋಯಿತು. ಒಂದು ಮನೆಯ ಓಣಿಗಳನ್ನು ಅಷ್ಟು ತಾಳ್ಮೆಯಿಂದ ನೋಡಿದ್ದ ಕಣ್ಣು, ಗೋಡೆಯಾಚೆಯ ಕಾಡು, ಊರು, ಅರಮನೆಗಳ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಕೊನೆಯ ಕಂತಿನಲ್ಲಿ, ಎಮ್ಮಾ ಮತ್ತು ಸಂಗಡಿಗರು ರಾಕ್ಷಸರ ಲೋಕದಲ್ಲೇ ಉಳಿದು ಅದನ್ನು ಬದಲಿಸುವ ಇಡೀ ಹೋರಾಟವು, ಮಾತಿಲ್ಲದ ಸ್ಥಿರಚಿತ್ರಗಳ ಸಾಲಾಗಿ ಕೆಲವೇ ನಿಮಿಷಗಳಲ್ಲಿ ತೆರೆಯ ಮೇಲೆ ಸರಿದುಹೋಯಿತು.