ಬಚ್ಚಲ ಬೂದಿಯಿಂದ ಮನೆಯ ಸಾಬೂನಿನವರೆಗೆ

ವನಗೂರಿನ ಮಳೆಗಾಲವನ್ನು ಕಂಡವರಿಗೆ ಬಚ್ಚಲು ಮನೆಯ ಬೆಲೆ ಗೊತ್ತು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನ ತನಕ ಸುರಿಯುತ್ತಲೇ ಇರುತ್ತದೆ. ಒಗೆದ ಬಟ್ಟೆ ಒಣಗುವುದಿಲ್ಲ, ಒಣಗಿದ ಸೌದೆ ಉಳಿಯುವುದಿಲ್ಲ. ನಾವು ಚಿಕ್ಕವರಿದ್ದಾಗ ತೋಟದ ಮರಗಸಿಯಲ್ಲಿ ಬಿದ್ದ ಸೌದೆಯನ್ನು ಬೇಸಿಗೆಯಲ್ಲೇ ಪೇರಿಸಿಟ್ಟುಕೊಂಡು, ಮಳೆಗಾಲವಿಡೀ ಹಂಡೆಯ ಒಲೆ ಆರದಂತೆ ಕಾಯುತ್ತಿದ್ದೆವು. ಒಲೆಯ ಪಕ್ಕದ ಗೂಡಿನಲ್ಲಿ ನಮ್ಮ ದಾದಿಯ ಮೂರು ಡಬ್ಬಿಗಳಿರುತ್ತಿದ್ದವು. ಒಂದರಲ್ಲಿ ಸೀಗೆಪುಡಿ, ಇನ್ನೊಂದರಲ್ಲಿ ಅಂಟುವಾಳದ ಕಾಯಿ, ಮತ್ತೊಂದರಲ್ಲಿ ಕಡಲೆಹಿಟ್ಟು. ಪಾತ್ರೆ ಉಜ್ಜಲು ಒಲೆಯ ಬೂದಿ. ಅಂಗಡಿಯ ಸಾಬೂನು ನೆಂಟರು ಬಂದಾಗ ಮಾತ್ರ ಟ್ರಂಕಿನಿಂದ ಹೊರಬರುತ್ತಿತ್ತು.

ದಾದಿಗೆ ಸಾಬೂನಿನ ಮೇಲೆ ಸಿಟ್ಟೇನೂ ಇರಲಿಲ್ಲ, ಅನುಮಾನವಿತ್ತು. 'ಒಳಗೆ ಏನು ಹಾಕಿರ್ತಾರೋ, ಅಲ್ಲಾನಿಗೇ ಗೊತ್ತು' ಎನ್ನುತ್ತಿದ್ದರು. ಪಕ್ಕದ ಗೌಡರ ಮನೆಯ ಅಜ್ಜಿಯ ಮಾತೂ ಅದೇ, ದೇವರ ಹೆಸರು ಮಾತ್ರ ಬೇರೆ. ಒಬ್ಬರಿಗೆ ಹಂದಿ ಕೊಬ್ಬಿನ ಭಯ, ಇನ್ನೊಬ್ಬರಿಗೆ ದನದ ಕೊಬ್ಬಿನ ಭಯ. ಇಬ್ಬರೂ ಒಂದೇ ಮರದ ಕೆಳಗೆ ಅಂಟುವಾಳ ಆರಿಸುತ್ತಿದ್ದರು.

ಈ ಭಯಕ್ಕೆ ದೊಡ್ಡ ಚರಿತ್ರೆಯೇ ಇದೆ. 1857ರಲ್ಲಿ ಬಂದೂಕಿನ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಿಂದೂ ಮತ್ತು ಮುಸ್ಲಿಂ ಸಿಪಾಯಿಗಳನ್ನು ಒಟ್ಟಿಗೆ ಕೆರಳಿಸಿತು. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆತಿದೆ ಎಂಬ ಗದ್ದಲ ದೇಶವಿಡೀ ಎದ್ದಿತು. ಅದುವರೆಗೆ ಹೊರದೇಶದ ಕೊಬ್ಬನ್ನು ಸಾಬೂನಿನ ಕಾರ್ಖಾನೆಗಳೂ ತರಿಸಿಕೊಳ್ಳುತ್ತಿದ್ದವು. ದಾದಿ ಪತ್ರಿಕೆ ಓದಿದವರಲ್ಲ. ಆದರೂ ಅವರ ಅನುಮಾನ ಬುಡವಿಲ್ಲದ್ದಾಗಿರಲಿಲ್ಲ.

ಶಾಸ್ತ್ರದ ಪ್ರಕಾರ ದಾದಿಯ ಡಬ್ಬಿಗಳಲ್ಲಿ ಇದ್ದದ್ದು ಸಾಬೂನಲ್ಲ. ಅಂಟುವಾಳ ಮತ್ತು ಸೀಗೆಯ ನೊರೆಗೆ ಕಾರಣ ಅವುಗಳಲ್ಲೇ ಇರುವ ಸಪೋನಿನ್ ಎಂಬ ವಸ್ತು. ಬೋರೆ ಎಲೆಯಲ್ಲೂ ಅದಿದೆ. ಮಯ್ಯತ್ತಿಗೆ ಸ್ನಾನ ಮಾಡಿಸುವಾಗ ನೀರಿಗೆ ಬೋರೆ ಎಲೆ ಹಾಕಬೇಕೆಂದು ಹದೀಸಿನಲ್ಲಿ ಬಂದಿರುವುದನ್ನು ನಾವೆಲ್ಲ ಬಲ್ಲೆವು. ಬೂದಿಯ ಕೆಲಸ ಬೇರೆ ಬಗೆಯದು. ಅದರಲ್ಲಿರುವ ಕ್ಷಾರ ಪಾತ್ರೆಯ ಜಿಡ್ಡನ್ನು ಹಿಡಿದು ಅಷ್ಟಿಷ್ಟು ಸಾಬೂನಾಗಿ ಮಾಡಿ ಕರಗಿಸುತ್ತದೆ. ಬೂದಿಯಿಂದ ಪಾತ್ರೆ ತೊಳೆದ ಪ್ರತಿಯೊಬ್ಬ ಹೆಂಗಸೂ ತನಗೆ ಗೊತ್ತಿಲ್ಲದೆಯೇ ಸಾಬೂನು ಮಾಡಿದವಳು.

ಕ್ಷಾರ ಮತ್ತು ಕೊಬ್ಬು ಕೂಡಿದರೆ ಸಾಬೂನು. ಲೋಕದ ಎಲ್ಲ ಸಾಬೂನುಗಳ ಗುಟ್ಟು ಇಷ್ಟೇ. ಕ್ಷಾರಕ್ಕೆ ವಿಜ್ಞಾನದವರು ಬಳಸುವ 'ಆಲ್ಕಲಿ' ಎಂಬ ಮಾತು ಅರಬಿಯ 'ಅಲ್ ಕಲಿ'. ಉಪ್ಪುನೆಲದ ಗಿಡಗಳನ್ನು ಸುಟ್ಟು ತೆಗೆದ ಬೂದಿಗೆ ಆ ಹೆಸರು. ನಮ್ಮ 'ಸಾಬೂನು' ಕೂಡ ಅರಬಿ, ಪಾರ್ಸಿಗಳ ದಾರಿಯಿಂದ ಬಂದು ಕನ್ನಡದಲ್ಲಿ ನೆಲೆಸಿದ್ದು. ಅರಬಿಗೆ ಅದು ಲ್ಯಾಟಿನ್ನಿನ 'ಸಾಪೋ' ಕಡೆಯಿಂದ ಬಂತು. ಹೀಗೆ ಒಂದೇ ಶಬ್ದ ರೋಮಿನಿಂದ ವನಗೂರಿನ ಬಚ್ಚಲ ತನಕ ನಡೆದು ಬಂದಿದೆ.

ಹತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಭೂಗೋಳಕಾರ ಅಲ್ ಮುಕದ್ದಸಿ, ಪ್ಯಾಲೆಸ್ಟೈನಿನಿಂದ ಹೊರನಾಡಿಗೆ ಹೋಗುವ ಸರಕುಗಳನ್ನು ಎಣಿಸುವಾಗ ಆಲಿವ್, ಒಣ ಅಂಜೂರ, ದ್ರಾಕ್ಷಿಗಳ ಜೊತೆ ಸಾಬೂನನ್ನೂ ಹೇಳುತ್ತಾನೆ. ಅಲ್ಲಿನ ನಾಬ್ಲಸ್ ನಗರದಲ್ಲಿ ಆಲಿವ್ ಎಣ್ಣೆಯ ಸಾಬೂನನ್ನು ದೊಡ್ಡ ಕಡಾಯಿಯಲ್ಲಿ ಕಾಯಿಸಿ, ನೆಲದ ಮೇಲೆ ಹರವಿ, ಕತ್ತರಿಸಿ, ಗಾಳಿಯಾಡಲೆಂದು ಗೋಪುರದಂತೆ ಪೇರಿಸಿಡುತ್ತಾರೆ. ಸಿರಿಯಾದ ಹಲಬ್‌ನಲ್ಲಿ ಆಲಿವ್ ಎಣ್ಣೆಗೆ ಗಾರ್ ಮರದ ಹಣ್ಣಿನ ಎಣ್ಣೆ ಸೇರಿಸುತ್ತಾರೆ. ಯುದ್ಧಗಳು ಎರಡೂ ಊರುಗಳ ಸಾಬೂನು ಮನೆಗಳನ್ನು ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಎರಡೂ ಕಸುಬುಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಯುರೋಪಿನಲ್ಲಿ ಸಾಬೂನು ಅಗ್ಗವಾಗಿದ್ದು ರಸಾಯನಶಾಸ್ತ್ರದಿಂದ. 1791ರಲ್ಲಿ ಫ್ರಾನ್ಸಿನ ಲಬ್ಲಾಂಕ್ ಉಪ್ಪಿನಿಂದ ಸೋಡಾ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಕೊಬ್ಬಿನ ಒಳಗುಟ್ಟನ್ನು ವಿವರಿಸಿದ ಶೆವ್ರೋಲ್‌ನ ಗ್ರಂಥ 1823ರಲ್ಲಿ ಬಂತು. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಇಂಗ್ಲೆಂಡಿನಿಂದ ಕಲ್ಕತ್ತೆಯ ಬಂದರಿಗೆ ಬಂದಿಳಿದವು.

ನಮ್ಮ ನಾಡಿನ ಉತ್ತರ ಬಂದದ್ದು ಮೈಸೂರಿನಿಂದ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲ ಅದು. 1916ರಲ್ಲಿ ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯಲು ತೊಡಗಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆ ಕಲಿತು ಬಂದರು. ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಹೊರಬಂತು. ಆನೆಯ ತಲೆ, ಸಿಂಹದ ದೇಹದ ಶರಭ ಅದರ ಗುರುತು. ದಾದಿಯ ಟ್ರಂಕಿನಲ್ಲಿ ಇರುತ್ತಿದ್ದದ್ದೂ ಅದೇ. 'ನಮ್ಮ ಮಹಾರಾಜರದ್ದು' ಎಂಬ ಒಂದು ಮಾತು ಅವರ ಅನುಮಾನವನ್ನು ಅರ್ಧ ಇಳಿಸಿತ್ತು.

ಇನ್ನು ಮನೆಯಲ್ಲೇ ಸಾಬೂನು ಮಾಡುವ ಮಾತು. ಗಾಂಧೀಜಿ 1934ರಲ್ಲಿ ವಾರ್ಧಾದಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿಸಿದರು. ಮುಂದೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತಿನ್ನಲಾಗದ ಎಣ್ಣೆಗಳಿಂದ ಸಾಬೂನು ಮಾಡುವುದನ್ನು ಬೆಂಬಲಿಸಿತು. ಹೊಂಗೆ, ಬೇವು, ಹಿಪ್ಪೆ ಎಲ್ಲವೂ ಅದಕ್ಕೆ ಒದಗುತ್ತವೆ. ಘಟ್ಟದ ಕಾಡಿನ ಧೂಪದ ಬೀಜದ ಕೊಬ್ಬು ಕೂಡ ಸಾಬೂನಿಗೆ ಆಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪವೂ ಆಗುತ್ತದೆ.

ನಮ್ಮ ಖಾಲಾ ಈ ಕೆಲಸ ಕಲಿತದ್ದು ಗೌಡರ ಮನೆಯ ಸೊಸೆಯ ಜೊತೆ. ಅವರು ಬಳಸುವ ಅಳತೆ ಹೀಗಿದೆ. ತೆಂಗಿನೆಣ್ಣೆ 700 ಗ್ರಾಂ, ಬೇವಿನೆಣ್ಣೆ 200 ಗ್ರಾಂ, ಹರಳೆಣ್ಣೆ 100 ಗ್ರಾಂ, ಕಾಸ್ಟಿಕ್ ಸೋಡಾ 155 ಗ್ರಾಂ, ನೀರು 320 ಗ್ರಾಂ. ತೆಂಗಿನೆಣ್ಣೆ ನೊರೆಗೆ ಮತ್ತು ಗಟ್ಟಿತನಕ್ಕೆ, ಹರಳೆಣ್ಣೆ ನೊರೆ ನಿಲ್ಲುವುದಕ್ಕೆ. ನೀರನ್ನೂ ಸೇರಿಸಿ ಎಲ್ಲವನ್ನೂ ತಕ್ಕಡಿಯಲ್ಲಿ ತೂಗಬೇಕು, ಲೋಟದ ಅಳತೆ ನಡೆಯದು. ಎಣ್ಣೆ ಬದಲಾದರೆ ಸೋಡಾದ ಲೆಕ್ಕವೂ ಬದಲಾಗುತ್ತದೆ. ಈ ಲೆಕ್ಕದಲ್ಲಿ ನೂರಕ್ಕೆ ಎಂಟು ಪಾಲಿನಷ್ಟು ಎಣ್ಣೆ ಸಾಬೂನಾಗದೆ ಉಳಿದು ಚರ್ಮವನ್ನು ಕಾಯುತ್ತದೆ.

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ಕೈಗವಸು, ಕನ್ನಡಕ ಬೇಕೇ ಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು. ಖಾಲಾ ಮೊದಲ ಸಲ ಅಲ್ಯೂಮಿನಿಯಂ ದಬರಿಯಲ್ಲಿ ಸೋಡಾ ಕಲಸಿದ್ದರು. ಅದು ಬುಸುಗುಟ್ಟಿ, ಕಪ್ಪಾಗಿ, ತಳ ತೂತಾಯಿತು. ಅಂದು ಅಂಗಳದಲ್ಲಿ ಕಲಸಿದ್ದರಿಂದ ಹೊಗೆ ಕುಡಿಯುವುದು ತಪ್ಪಿತು.

ಸೋಡಾ ನೀರು ಕೈತಾಗುವ ಬಿಸಿಗೆ ಇಳಿದ ಮೇಲೆ ಅಷ್ಟೇ ಬಿಸಿಯ ಎಣ್ಣೆಗೆ ನಿಧಾನವಾಗಿ ಸುರಿದು ತಿರುವುತ್ತಾರೆ. ದೋಸೆ ಹಿಟ್ಟಿನ ಹದ ಬಂದು, ಸೌಟಿನಿಂದ ಬಿದ್ದ ಗೆರೆ ಮೇಲೆಯೇ ನಿಂತರೆ ಕೂಡಿತು ಎಂದರ್ಥ. ಬಟರ್ ಪೇಪರ್ ಹಾಸಿದ ಮರದ ಪೆಟ್ಟಿಗೆಗೆ ಹೊಯ್ದು, ಗೋಣಿ ಹೊದಿಸಿ, ಒಂದೆರಡು ದಿನದ ಮೇಲೆ ಕತ್ತರಿಸುತ್ತಾರೆ. ಆಮೇಲೆ ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಬೇಕು. ಮಳೆಗಾಲದಲ್ಲಿ ಈ ಸಾಬೂನು ಬೆವರುತ್ತದೆ. ಅದರಲ್ಲೇ ಉಳಿದ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವುದೇ ಕಾರಣ. ಆದ್ದರಿಂದ ನಮ್ಮಲ್ಲಿ ಇದು ಬೇಸಿಗೆಯ ಕೆಲಸ, ಕಾಫಿ ಕೊಯ್ಲು ಮುಗಿದ ಮೇಲಿನ ಕೆಲಸ.

ಕೆಲವು ವರ್ಷಗಳ ಹಿಂದೆ ಇಬ್ಬರೂ ಒಂದು ಜಾತ್ರೆಗೆ ಸಾಬೂನು ಒಯ್ದರು. ಜೊತೆಗೆ ನಾವೂ ಇದ್ದೆವು. ಸಕಲೇಶಪುರದ ಕಡೆಯ ಹೆಂಗಸೊಬ್ಬರು ಒಂದು ಬಿಲ್ಲೆಯನ್ನು ಮೂಸಿ ನೋಡಿದರು, ಬೆಲೆ ಕೇಳಿದರು, ಎರಡು ತೆಗೆದುಕೊಂಡರು. ದುಡ್ಡು ಕೊಡುವ ಮೊದಲು 'ಯಾರು ಮಾಡಿದ್ದು?' ಎಂದರು. ಖಾಲಾ ತಮ್ಮ ಹೆಸರು ಹೇಳಿದರು. ಹೆಂಗಸು ಬಿಲ್ಲೆಗಳನ್ನು ಮೆಲ್ಲನೆ ಕೆಳಗಿಟ್ಟು, 'ಆಮೇಲೆ ಬರ್ತೀನಮ್ಮಾ' ಎಂದು ಹೋದರು. ಬರಲಿಲ್ಲ. ಗೌಡರ ಸೊಸೆ 'ಇನ್ನು ಮುಂದೆ ನನ್ನ ಹೆಸರೇ ಹೇಳಿಬಿಡೋಣ ಬಿಡಿ ಆಪಾ' ಎಂದರು. ಖಾಲಾ ಒಪ್ಪಲಿಲ್ಲ.

ನಮ್ಮನ್ನು ಕಾಡುವುದು ಇದೇ. ದಾದಿಯ ಕಾಲದಲ್ಲಿ ಎರಡೂ ಮನೆಯವರು ಕೇಳುತ್ತಿದ್ದ ಪ್ರಶ್ನೆ 'ಒಳಗೆ ಏನು ಹಾಕಿದ್ದಾರೆ?' ಎಂಬುದು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬಹುದು, ತೂಗಿ ತೋರಿಸಬಹುದು. 'ಯಾರು ಮಾಡಿದ್ದು?' ಎಂಬ ಪ್ರಶ್ನೆಗೆ ಯಾವ ತಕ್ಕಡಿ ಹಿಡಿಯೋಣ? ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಕಾಯಕದ ಮಾಚಿದೇವರನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡು ನಮ್ಮದು. ಕೊಳೆ ತೆಗೆಯುವ ಕೈಯನ್ನು ಕೊಳೆ ಎನ್ನಬಾರದೆಂದು ಅಂದೇ ಕಲಿತದ್ದನ್ನು ಮರೆತೆವೇ?

ಈಗ ಅವರ ಸಾಬೂನಿಗೆ ಸುತ್ತುವ ಕಾಗದದ ಮೇಲೆ ಐದು ಪದಾರ್ಥಗಳ ಹೆಸರು, ತೂಕ, ಕೆಳಗೆ ಇಬ್ಬರು ಹೆಂಗಸರ ಹೆಸರು ಅಕ್ಕಪಕ್ಕದಲ್ಲಿ ಇವೆ. ವ್ಯಾಪಾರ ಅಷ್ಟಕ್ಕಷ್ಟೇ. ಈ ಬೇಸಿಗೆಯಲ್ಲೂ ಗೌಡರ ಮನೆಯ ಅಟ್ಟದಲ್ಲಿ ಬಿಲ್ಲೆಗಳು ಒಣಗುತ್ತಿದ್ದವು. ನಮ್ಮ ಅಟ್ಟಕ್ಕೆ ಗಾಳಿ ಸಾಲದು ಎಂದು ಖಾಲಾ ಅಲ್ಲಿಯೇ ಇಡುತ್ತಾರೆ.