ಜಲಗಾರನ ಮರಿಗೆ ಮತ್ತು ಖನಿಜ ಪರೀಕ್ಷೆ

ಕನ್ನಡದ 'ಜಲಗಾರ' ಪದಕ್ಕೆ ಎರಡು ಅರ್ಥಗಳಿವೆ. ಮಣ್ಣು, ಮರಳುಗಳನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವವನು ಎಂಬುದು ಒಂದು. ಬೀದಿ ಗುಡಿಸುವವನು ಎಂಬುದು ಇನ್ನೊಂದು. ಕುವೆಂಪು ಅವರ 'ಜಲಗಾರ' ನಾಟಕದ ಪ್ರಸಿದ್ಧಿಯಿಂದಾಗಿ ಎರಡನೆಯ ಅರ್ಥವೇ ಸಾಹಿತ್ಯಾಸಕ್ತರಿಗೆ ಹೆಚ್ಚು ಪರಿಚಿತವಾಗಿದೆ. ಮೊದಲನೆಯದನ್ನು ಹುಡುಕಬೇಕಾದರೆ ಭೂವಿಜ್ಞಾನದ ಹಳೆಯ ವರದಿಗಳನ್ನು ತೆರೆಯಬೇಕು.

ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳು ಈ ವೃತ್ತಿಯ ನೆಲೆಗಳಾಗಿದ್ದವು. ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಚಿನ್ನಯುಕ್ತ ಶಿಲೆಗಳನ್ನು ಕುರಿತ ತಮ್ಮ ಲೇಖನವನ್ನು 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಪುಟದಲ್ಲಿ ಪ್ರಕಟಿಸಿದರು. ಯಾವ ಹಳ್ಳದ ಮರಳಿನಲ್ಲಿ ಚಿನ್ನವಿದೆ ಎಂಬ ಅರಿವು ಸರ್ವೇಕ್ಷಣೆಗೆ ಮುನ್ನವೇ ಜಲಗಾರರಲ್ಲಿತ್ತು.

ಜಲಗಾರನ ಮುಖ್ಯ ಸಾಧನ ಮರಿಗೆ. ಅದರಲ್ಲಿ ಹಳ್ಳದ ಮರಳನ್ನು ತುಂಬಿ, ನೀರು ಹಾಕಿ, ಓರೆಯಾಗಿ ಹಿಡಿದು ತೂಗಿದಾಗ ಕೆಸರು ಮೊದಲು ಹರಿದುಹೋಗುತ್ತದೆ, ಬಿಳಿಯ ಮರಳು ಅನಂತರ. ತಳದಲ್ಲಿ ಉಳಿಯುವುದು ಕರಿಮರಳು. ಅದು ಕಂಡ ಮೇಲೆ ಕೈ ನಿಧಾನವಾಗಬೇಕು. ಚಿನ್ನವಿದ್ದರೆ ಅದು ಅಲ್ಲಿಯೇ ಇರುತ್ತದೆ. ಕಾರಣ ಸಾಂದ್ರತೆ. ಬೆಣಚುಕಲ್ಲಿನ ಸಾಪೇಕ್ಷ ಸಾಂದ್ರತೆ 2.65, ಕರಿಮರಳಿನ ಮ್ಯಾಗ್ನೆಟೈಟ್‌ನದು ಸುಮಾರು 5.2, ಶುದ್ಧ ಚಿನ್ನದ್ದು 19.3.

ಮರಳಿನ ಭಾರಖನಿಜಗಳನ್ನು ಗುರುತಿಸುವ ಪ್ರಯೋಗಾಲಯವೂ ಇದೇ ತತ್ತ್ವದಿಂದ ಆರಂಭಿಸುತ್ತದೆ. ಒಣಗಿಸಿ ಜರಡಿ ಹಿಡಿದ ಮರಳನ್ನು 2.89 ಸಾಂದ್ರತೆಯ ಬ್ರೋಮೋಫಾರ್ಮ್ ದ್ರವಕ್ಕೆ ಸುರಿದರೆ ಬೆಣಚು ತೇಲುತ್ತದೆ. ಗಾರ್ನೆಟ್, ಜಿರ್ಕಾನ್, ಮ್ಯಾಗ್ನೆಟೈಟ್‌ಗಳು ಮುಳುಗುತ್ತವೆ. ಅದು ವಿಷಕಾರಿ ದ್ರವವಾದುದರಿಂದ ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರಾವಣವೂ ಬಳಕೆಗೆ ಬಂದಿದೆ. ಮುಳುಗಿದ ಭಾಗದಿಂದ ಮ್ಯಾಗ್ನೆಟೈಟನ್ನು ಅಯಸ್ಕಾಂತದಿಂದ ತೆಗೆದು, ಉಳಿದುದನ್ನು ಧ್ರುವೀಕರಣ ಸೂಕ್ಷ್ಮದರ್ಶಕದಡಿ ಒಂದೊಂದೇ ಕಣವಾಗಿ ಗುರುತಿಸಲಾಗುತ್ತದೆ.

ಮರಿಗೆಯನ್ನು ಪ್ರಾಚೀನ ಪ್ರಯೋಗಾಲಯವೆಂದು ಕೊಂಡಾಡುವ ಉತ್ಸಾಹ ಜಾನಪದ ಬರಹಗಳಲ್ಲಿ ಆಗಾಗ ಇಣುಕುತ್ತದೆ. ಅದು ಅತಿಶಯೋಕ್ತಿ. ಜಲಗಾರನಿಗೆ ಬೇಕಾದುದು ಒಂದೇ ಖನಿಜ. ಜಿರ್ಕಾನನ್ನು ಗಾರ್ನೆಟ್‌ನಿಂದ ಪ್ರತ್ಯೇಕಿಸುವ ಅಗತ್ಯ ಆತನಿಗಿರಲಿಲ್ಲ. ಆದರೆ ಬೇರ್ಪಡಿಸುವಿಕೆಯಿಲ್ಲದೆ ಗುರುತಿಸುವಿಕೆಯಿಲ್ಲ. ಆ ಮೊದಲ ಹೆಜ್ಜೆಯಲ್ಲಿ ಆತ ನಿಪುಣನಾಗಿದ್ದ. ಅವನನ್ನು ಬರಿಯ ಕೂಲಿಯಾಳೆಂದು ಬಗೆಯುವುದು ಇನ್ನೂ ದೊಡ್ಡ ತಪ್ಪು.

ಮರಿಗೆಯಿಂದ ಮೊದಲು ಹರಿದುಹೋದ ಕೆಸರಿನ ಕಥೆಯೇ ಬೇರೆ. ಜೇಡಿಯ ಕಣಗಳು ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣವು. ಅವು ಸ್ಫಟಿಕರೂಪಿ ಎಂಬುದನ್ನು 1930ರಲ್ಲಿ ಹೆಂಡ್ರಿಕ್ಸ್ ಮತ್ತು ಫ್ರೈ ಕ್ಷ-ಕಿರಣ ವಿವರ್ತನೆಯಿಂದ ತೋರಿಸಿದರು. ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್‌ಗೆ ಎಥಿಲೀನ್ ಗ್ಲೈಕಾಲ್ ಉಣಿಸಿದರೆ ಅದರ ಪದರಗಳ ಅಂತರ ಸುಮಾರು 17 ಆಂಗ್‌ಸ್ಟ್ರಾಮ್‌ಗೆ ಹಿಗ್ಗುತ್ತದೆ; ಕೆಂಪುಮಣ್ಣಿನ ಕೆಯೋಲಿನೈಟ್ ಹಿಗ್ಗದೆ 7ರಲ್ಲೇ ನಿಂತು, 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಹೊಲದ ಗುಣಕ್ಕೆ ಕಾರಣವೂ ಈ ಹಿಗ್ಗುವ ಪದರಗಳೇ.