ವಿದ್ಯಾರ್ಥಿಯ ಅಳಲಿಗೆ ಕಿವಿಗೊಟ್ಟ ಕಥೆ

ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳ ಒಳಪುಟದಲ್ಲಿ ನಾಲ್ಕಾರು ಸಾಲಿನ ಸುದ್ದಿಗಳು ತಪ್ಪದೆ ಬರುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಫೇಲಾದದ್ದೇ ಕಾರಣವೆಂದು ಷರಾ ಬರೆಯುವುದು ಸುಲಭ. ಆದರೆ ಅವರ ಸಂಕಟ ಕೇಳಲು ಯಾರಾದರೂ ಇದ್ದರೇ? ಈ ಪ್ರಶ್ನೆಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1910ರಲ್ಲಿ ಮನೋವೈದ್ಯ ಸ್ಟುವರ್ಟ್ ಪೇಟನ್ ಆರಂಭಿಸಿದ ಸೇವೆಯನ್ನು ಕಾಲೇಜು ಮಟ್ಟದ ಮೊದಲ ಯತ್ನವೆಂದು ಪರಿಗಣಿಸಲಾಗಿದೆ. ಓದಿನಲ್ಲಿ ಮುಂದಿದ್ದವರೂ ಮನಸ್ಸಿನ ತೊಳಲಾಟದಿಂದ ಕಾಲೇಜು ಬಿಡುತ್ತಿದ್ದುದು ಇದಕ್ಕೆ ಪ್ರೇರಣೆ. ಆದರೆ ಅದು ವೈದ್ಯರ ಕೋಣೆ. ಅಲ್ಲಿಗೆ ಹೋಗಲು ಧೈರ್ಯ ಬೇಕಿತ್ತು.

ಬೇರೊಂದು ದಾರಿ ತೋರಿದವರು ಇಂಗ್ಲೆಂಡಿನ ಪಾದ್ರಿ ಚಾಡ್ ವಾರಾ. 1935ರಲ್ಲಿ ಅವರು ಹದಿಹರೆಯದ ಹುಡುಗಿಯೊಬ್ಬಳ ಅಂತ್ಯಕ್ರಿಯೆ ನಡೆಸಬೇಕಾಯಿತು. ಋತುಮತಿಯಾದುದನ್ನೇ ಗುಪ್ತರೋಗವೆಂದು ಭಾವಿಸಿ ಆಕೆ ಜೀವ ಕಳೆದುಕೊಂಡಿದ್ದಳು. ಕೇಳಲು ಒಬ್ಬರಿದ್ದಿದ್ದರೆ ಉಳಿಯುತ್ತಿದ್ದ ಜೀವ ಅದು. 1953ರ ನವೆಂಬರ್‌ನಲ್ಲಿ ವಾರಾ ಲಂಡನ್ನಿನ ತಮ್ಮ ಚರ್ಚಿನಲ್ಲಿ ದೂರವಾಣಿ ಸೇವೆ ಆರಂಭಿಸಿದರು. ಪತ್ರಿಕೆಯೊಂದರ ಶೀರ್ಷಿಕೆಯಿಂದಾಗಿ ಅದಕ್ಕೆ 'ಸಮಾರಿಟನ್ಸ್' ಎಂಬ ಹೆಸರು ಬಂತು.

ಅಲ್ಲಿ ಅನಿರೀಕ್ಷಿತ ಸಂಗತಿಯೊಂದು ಕಂಡುಬಂತು. ವಾರಾ ಅವರನ್ನು ಕಾಣಲು ಸರದಿಯಲ್ಲಿ ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತಿಗೆ ಕಿವಿಯಾಗುತ್ತಿದ್ದರು. ಎಷ್ಟೋ ಮಂದಿ ಅಷ್ಟಕ್ಕೇ ಹಗುರಾಗಿ ಹಿಂದಿರುಗುತ್ತಿದ್ದರು. ಕೇಳುವ ಕೆಲಸವನ್ನು ವಾರಾ 1954ರಲ್ಲಿ ಸ್ವಯಂಸೇವಕರಿಗೇ ವಹಿಸಿದರು. 1970ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 'ನೈಟ್‌ಲೈನ್' ಆರಂಭವಾಯಿತು. ಕಚೇರಿಗಳು ಬಾಗಿಲು ಹಾಕಿದ ರಾತ್ರಿ ಹೊತ್ತಿನಲ್ಲಿ ವಿದ್ಯಾರ್ಥಿಗಳ ಅಳಲನ್ನು ವಿದ್ಯಾರ್ಥಿಗಳೇ ಕೇಳುವ ವ್ಯವಸ್ಥೆ ಇದು. ಉಪದೇಶವಿಲ್ಲ, ಹೆಸರು ಹೇಳಬೇಕಿಲ್ಲ. ಮುಂದೆ ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಈ ಮಾದರಿಯನ್ನು ಅನುಸರಿಸಿದವು.

ಭಾರತದಲ್ಲಿ ಕಾನೂನೇ ಅಡ್ಡಗೋಡೆಯಾಗಿತ್ತು. 1860ರ ದಂಡ ಸಂಹಿತೆಯ 309ನೇ ಕಲಮಿನಂತೆ ಆತ್ಮಹತ್ಯೆಯ ಯತ್ನ ಅಪರಾಧ. ನೆರವು ಬೇಕಾದವರು ಪೊಲೀಸರಿಗೆ ಅಂಜಬೇಕಿತ್ತು. ಅಂಥ ಕಾಲದಲ್ಲೇ, 1986ರಲ್ಲಿ, ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಚೆನ್ನೈಯಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 2024ರ ಜುಲೈನಲ್ಲಿ ಜಾರಿಯಾದ ನ್ಯಾಯ ಸಂಹಿತೆಯಲ್ಲಿ 309ನೇ ಕಲಮು ಉಳಿಯಲಿಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಉಚಿತ ಸೇವೆಗೆ (ದೂರವಾಣಿ 14416) ಬೆಂಗಳೂರಿನ ನಿಮ್ಹಾನ್ಸ್ ಶಿಖರ ಸಂಸ್ಥೆ. ಕನ್ನಡದಲ್ಲೂ ಮಾತನಾಡಬಹುದು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತ ಸಮಾಲೋಚಕರೊಬ್ಬರನ್ನಾದರೂ ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ.

ನೇಮಕ ಬೇಕು, ತಜ್ಞರೂ ಬೇಕು. ಆದರೆ ಸಮಾಲೋಚಕರ ಕೋಣೆಗೆ ಸಂಜೆ ಬೀಗ ಬೀಳುತ್ತದೆ; ಹಾಸ್ಟೆಲ್ಲಿನ ರಾತ್ರಿ ಆಮೇಲೆ ಶುರುವಾಗುತ್ತದೆ. ಊಟ ಬಿಟ್ಟ, ಮಾತು ಬಿಟ್ಟ ಗೆಳೆಯನನ್ನು ಮೊದಲು ಗಮನಿಸುವುದು ಪಕ್ಕದ ಮಂಚದವನೇ. ಚಹಾ ಕೊಟ್ಟು ಕೇಳಿಸಿಕೊಂಡ ಸ್ವಯಂಸೇವಕರೂ ತಜ್ಞರಾಗಿರಲಿಲ್ಲ.